ರಗ್ಬಿ ಲೀಗ್‌ನಲ್ಲಿ ಪುನರಾವರ್ತಿತ ತೀವ್ರ ಶ್ರಮ

ರಗ್ಬಿ ಲೀಗ್ ಪಂದ್ಯದಲ್ಲಿ ವೇಗದ ಓಟ, ಡಿಕ್ಕಿ, ಎದುರಾಳಿಯನ್ನು ಹಿಡಿದು ಕೆಡಹುವ ಟ್ಯಾಕಲ್, ನೆಲದ ಮೇಲಿನ ಸೆಣಸಾಟ ಇವುಗಳನ್ನು ಆಟಗಾರ ಸಾಕಷ್ಟು ಬಿಡುವಿಲ್ಲದೆ ಒಂದರ ಬೆನ್ನಿಗೊಂದರಂತೆ ಮಾಡಬೇಕಾಗುವ ಸ್ಥಿತಿಗೆ ಕ್ರೀಡಾವಿಜ್ಞಾನದಲ್ಲಿ ಪುನರಾವರ್ತಿತ ತೀವ್ರ ಶ್ರಮ ಎಂದು ಹೆಸರು. 80 ನಿಮಿಷಗಳ ಪಂದ್ಯದಲ್ಲಿ ಇಂಥ ಗಳಿಗೆಗಳು ಒಟ್ಟು ಸಮಯದ ಸಣ್ಣ ಪಾಲು ಮಾತ್ರ. ಆದರೂ ಅಂಕ ಬರುವುದು, ಅಂಕ ಕೈತಪ್ಪುವುದು ಅನೇಕ ಸಲ ಇವುಗಳ ಆಸುಪಾಸಿನಲ್ಲೇ. ಒಬ್ಬ ಆಟಗಾರ ಎಷ್ಟು ಕಿಲೋಮೀಟರ್ ಓಡಿದ ಎಂಬ ಲೆಕ್ಕ ಈ ಆಟದ ಕಷ್ಟವನ್ನು ಅರೆಬರೆಯಾಗಿ ಮಾತ್ರ ಹೇಳುತ್ತದೆ. ಎರಡು ಶ್ರಮಗಳ ನಡುವೆ ಅವನಿಗೆ ಉಸಿರು ತೆಗೆದುಕೊಳ್ಳಲು ಎಷ್ಟು ಸೆಕೆಂಡು ಸಿಕ್ಕಿತು ಎಂಬುದೇ ಮುಖ್ಯ ಪ್ರಶ್ನೆ. ಆ ಸೆಕೆಂಡುಗಳನ್ನು ಬಹುಮಟ್ಟಿಗೆ ನಿರ್ಧರಿಸುವುದು ಆಟದ ನಿಯಮಾವಳಿ. ಹೀಗಾಗಿ ರಗ್ಬಿ ಲೀಗ್‌ನ ದಣಿವಿನ ಚರಿತ್ರೆ ಅದರ ನಿಯಮಗಳ ಚರಿತ್ರೆಯೊಡನೆ ಹೆಣೆದುಕೊಂಡಿದೆ.

ಆಟದ ಸ್ವರೂಪ

ರಗ್ಬಿ ಲೀಗ್ ಹುಟ್ಟಿದ್ದು ಇಂಗ್ಲೆಂಡಿನ ಉತ್ತರ ಭಾಗದಲ್ಲಿ. ಗಣಿ ಮತ್ತು ಗಿರಣಿಗಳಲ್ಲಿ ದುಡಿಯುತ್ತಿದ್ದ ಆಟಗಾರರು ಪಂದ್ಯಕ್ಕಾಗಿ ಕೆಲಸ ಬಿಟ್ಟರೆ ಆ ದಿನದ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಬೇಕೆಂಬ ಬೇಡಿಕೆಗೆ ಅಂದಿನ ರಗ್ಬಿ ಆಡಳಿತ ಒಪ್ಪದಿದ್ದಾಗ, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲಿನಲ್ಲಿ ಸಭೆ ಸೇರಿದ ಕ್ಲಬ್ಬುಗಳು ಬೇರೆಯಾಗಿ ನಾರ್ದರ್ನ್ ಯೂನಿಯನ್ ಕಟ್ಟಿಕೊಂಡವು. ಟಿಕೆಟ್ ಹಣವನ್ನು ನೆಚ್ಚಿಕೊಂಡ ಈ ಕ್ಲಬ್ಬುಗಳಿಗೆ ಪ್ರೇಕ್ಷಕರನ್ನು ಸೆಳೆಯುವ ಚುರುಕಾದ ಆಟ ಬೇಕಾಗಿತ್ತು. ಗೆರೆಯಾಚೆ ಹೋದ ಚೆಂಡನ್ನು ಎರಡು ಸಾಲುಗಳ ನಡುವೆ ಎಸೆದು ಆಟ ಮುಂದುವರಿಸುವ ಲೈನ್-ಔಟ್ ಕ್ರಮವನ್ನು 1897ರಲ್ಲಿ ಕೈಬಿಡಲಾಯಿತು. 1906ರಲ್ಲಿ ತಂಡದ ಸಂಖ್ಯೆ 15ರಿಂದ 13ಕ್ಕೆ ಇಳಿಯಿತು. ಟ್ಯಾಕಲ್ ಆದವನು ಎದ್ದು ಚೆಂಡನ್ನು ಕಾಲಿನಿಂದ ಹಿಂದಕ್ಕೆ ಉರುಳಿಸುವ ಪ್ಲೇ-ದ-ಬಾಲ್ ಕ್ರಮವೂ ಆಗಲೇ ಬಂತು.

ಇಂದು ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್, ಇಂಗ್ಲೆಂಡಿನ ಉತ್ತರ ಜಿಲ್ಲೆಗಳು, ನ್ಯೂಜಿಲೆಂಡ್, ಪಪುವಾ ನ್ಯೂಗಿನಿ ಮತ್ತು ಫ್ರಾನ್ಸಿನ ದಕ್ಷಿಣ ಭಾಗ ಈ ಆಟದ ನೆಲೆಗಳು. ಆಸ್ಟ್ರೇಲಿಯ-ನ್ಯೂಜಿಲೆಂಡ್ ತಂಡಗಳ ನ್ಯಾಷನಲ್ ರಗ್ಬಿ ಲೀಗ್, ಅಂದರೆ ಎನ್‌ಆರ್‌ಎಲ್, ಮತ್ತು ಇಂಗ್ಲೆಂಡ್ ಕೇಂದ್ರಿತ ಸೂಪರ್ ಲೀಗ್ ಮುಖ್ಯ ವೃತ್ತಿಪರ ಟೂರ್ನಿಗಳು. ಭಾರತದಲ್ಲಿ ರಗ್ಬಿ ಎಂದರೆ ಸಾಮಾನ್ಯವಾಗಿ ರಗ್ಬಿ ಯೂನಿಯನ್ ಅಥವಾ ಅದರ ಏಳು ಜನರ ರೂಪವಾದ ಸೆವೆನ್ಸ್. 2025ರಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದೂ ಸೆವೆನ್ಸ್ ಮಾದರಿಯಲ್ಲೇ. ಅದರ ಶ್ರಮದ ಬಗೆ ಬೇರೆ.

ಲೀಗ್ ಮಾದರಿಯಲ್ಲಿ ಚೆಂಡು ಹೊಂದಿರುವ ತಂಡಕ್ಕೆ ಆರು ಟ್ಯಾಕಲ್‌ಗಳ ಅವಕಾಶವಿರುತ್ತದೆ. ಅಷ್ಟರೊಳಗೆ ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೂರಿ ಅಂಕ ಗಳಿಸಬೇಕು (ಇದಕ್ಕೆ ಟ್ರೈ ಎಂದು ಹೆಸರು), ಇಲ್ಲವೇ ಸಾಮಾನ್ಯವಾಗಿ ಐದನೆಯ ಟ್ಯಾಕಲ್ ಆದಮೇಲೆ ಚೆಂಡನ್ನು ಒದ್ದು ಎದುರಾಳಿಗೆ ಬಿಡಬೇಕು. ಪ್ರತಿ ಟ್ಯಾಕಲ್ ಆದಮೇಲೆ, ಚೆಂಡಿನ ಎದುರು ನಿಲ್ಲುವ ಒಬ್ಬಿಬ್ಬರನ್ನು ಬಿಟ್ಟು ರಕ್ಷಣಾ ತಂಡದವರೆಲ್ಲ 10 ಮೀಟರ್ ಹಿಂದೆ ಸರಿಯಬೇಕು. ಈ ಸರಳ ನಿಯಮದಲ್ಲೇ ಆಟದ ಕಷ್ಟವೆಲ್ಲ ಅಡಗಿದೆ. ರಕ್ಷಕ ಮುಂದಕ್ಕೆ ನುಗ್ಗುತ್ತಾನೆ, 100 ಕೆ.ಜಿ.ಗೂ ಮೀರಿದ ಎದುರಾಳಿಗೆ ಡಿಕ್ಕಿ ಕೊಡುತ್ತಾನೆ, ಇನ್ನಿಬ್ಬರ ಜೊತೆ ಸೇರಿ ಅವನನ್ನು ನೆಲಕ್ಕೆ ಕೆಡಹುತ್ತಾನೆ, ಅವನು ಬೇಗ ಏಳದಂತೆ ಒತ್ತಿಹಿಡಿಯುತ್ತಾನೆ, ರೆಫರಿ ಬಿಡಿ ಎಂದಾಗ ಎದ್ದು ಹಿಮ್ಮುಖವಾಗಿ 10 ಮೀಟರ್ ಓಡುತ್ತಾನೆ. ಸಾಲಿನಲ್ಲಿ ನಿಲ್ಲುವಷ್ಟರಲ್ಲಿ ಚೆಂಡು ಮತ್ತೆ ಆಟಕ್ಕೆ ಬಂದಿರುತ್ತದೆ. ಕಬಡ್ಡಿಯಲ್ಲಿ ರೈಡರ್‌ನನ್ನು ಹಿಡಿದು ಕೆಡಹಿದರೆ ಆ ರೈಡ್ ಮುಗಿಯಿತು. ಲೀಗ್‌ನಲ್ಲಿ ಕೆಡಹಿದ ಮರುಗಳಿಗೆಯೇ ಮುಂದಿನ ಕೆಲಸ ಶುರುವಾಗುತ್ತದೆ. ಒಂದು ಟ್ಯಾಕಲ್‌ನಿಂದ ಇನ್ನೊಂದಕ್ಕೆ ಇರುವ ಅಂತರ ಕೆಲವೇ ಸೆಕೆಂಡು.

ನಿಯಮಗಳು ಮತ್ತು ಶ್ರಮದ ಸಾಂದ್ರತೆ

1960ರ ದಶಕದ ಮಧ್ಯದವರೆಗೆ ಟ್ಯಾಕಲ್‌ಗಳಿಗೆ ಮಿತಿ ಇರಲಿಲ್ಲ. ಬಲವಾದ ಫಾರ್ವರ್ಡ್‌ಗಳು, ಅಂದರೆ ಮುಂಚೂಣಿ ಆಟಗಾರರು, ಇರುವ ತಂಡ ಚೆಂಡನ್ನು ಬಿಡದೆ ಬಹಳ ಹೊತ್ತು ಇಟ್ಟುಕೊಳ್ಳಬಹುದಾಗಿತ್ತು. ಸಿಡ್ನಿಯ ಸೇಂಟ್ ಜಾರ್ಜ್ ಕ್ಲಬ್ 1956ರಿಂದ 1966ರವರೆಗೆ ಸತತ 11 ಪ್ರಶಸ್ತಿ ಗೆದ್ದದ್ದು ಆ ಕಾಲದಲ್ಲಿ. 1966ರಲ್ಲಿ ಬ್ರಿಟನ್ನಿನಲ್ಲೂ ಮರುವರ್ಷ ಆಸ್ಟ್ರೇಲಿಯದಲ್ಲೂ ನಾಲ್ಕು ಟ್ಯಾಕಲ್‌ಗಳ ಮಿತಿ ಬಂತು. 1970ರ ದಶಕದ ಆರಂಭದಲ್ಲಿ ಅದು ಆರಕ್ಕೆ ಏರಿತು. ಚೆಂಡು ಕೈ ಬದಲಾಯಿಸುವುದು ಹೆಚ್ಚಿದಂತೆ ಎಲ್ಲ ಆಟಗಾರರೂ ದಾಳಿ ಮತ್ತು ರಕ್ಷಣೆಗಳ ನಡುವೆ ಪದೇ ಪದೇ ಹೊರಳಬೇಕಾಯಿತು.

ದೇಹದ ಮೇಲಿನ ಹೊರೆಯ ದೃಷ್ಟಿಯಿಂದ ದೊಡ್ಡ ತಿರುವು ಬಂದದ್ದು 1993ರಲ್ಲಿ. ರಕ್ಷಕರು ಹಿಂದೆ ಸರಿಯಬೇಕಾದ ಅಂತರ 5 ಮೀಟರ್‌ನಿಂದ 10 ಮೀಟರ್‌ಗೆ ಏರಿತು. ಇದರಿಂದ ಎರಡು ಪರಿಣಾಮಗಳಾದವು. ಪ್ರತಿ ಟ್ಯಾಕಲ್‌ಗೂ ಹಿಂದೆ-ಮುಂದೆ ಓಡುವ ದೂರ ಬೆಳೆಯಿತು. ಎರಡೂ ಕಡೆಯವರಿಗೆ ವೇಗ ಕೂಡಿಸಿಕೊಳ್ಳಲು ಜಾಗ ಸಿಕ್ಕಿದ್ದರಿಂದ ಡಿಕ್ಕಿಯ ರಭಸವೂ ಹೆಚ್ಚಿತು. ಅದರ ಬೆನ್ನಲ್ಲೇ ತಂಡಗಳು ಟ್ಯಾಕಲ್ ಆದವನನ್ನು ನೆಲದ ಮೇಲೆ ತುಸು ಹೆಚ್ಚು ಹೊತ್ತು ಹಿಡಿದಿಟ್ಟು, ತಮ್ಮ ಸಾಲು ಹಿಂದೆ ಸರಿಯಲು ಸಮಯ ಗಳಿಸುವ ತಂತ್ರ ಕಂಡುಕೊಂಡವು. ಆಟಗಾರರು ಇದನ್ನು ರೆಸಲ್ ಎನ್ನುತ್ತಾರೆ. ಕ್ರೇಗ್ ಬೆಲಮಿ ತರಬೇತಿಯ ಮೆಲ್ಬರ್ನ್ ಸ್ಟಾರ್ಮ್ ಈ ತಂತ್ರಕ್ಕೆ ಹೆಸರಾದ ತಂಡ. ಕುಸ್ತಿ ಮತ್ತು ಜುಜುತ್ಸು ಪಟ್ಟುಗಳು ಲೀಗ್ ತರಬೇತಿಯ ಭಾಗವಾದದ್ದು ಹೀಗೆ.

ಬದಲಿ ಆಟಗಾರರ ನಿಯಮ ಇನ್ನೊಂದು ಕೀಲಿ. ಮೈದಾನದಿಂದ ಹೊರಬಂದವನು ವಿಶ್ರಮಿಸಿ ಮತ್ತೆ ಒಳಹೋಗಲು ಲೀಗ್‌ನಲ್ಲಿ ಅವಕಾಶವಿದೆ. ಎನ್‌ಆರ್‌ಎಲ್‌ನಲ್ಲಿ ಒಂದು ಕಾಲಕ್ಕೆ ಇದಕ್ಕೆ ಮಿತಿಯೇ ಇರಲಿಲ್ಲ. 2001ರಲ್ಲಿ ಪಂದ್ಯಕ್ಕೆ 12, 2008ರಲ್ಲಿ 10, 2016ರಲ್ಲಿ 8 ಎಂದು ಮಿತಿ ಇಳಿಯುತ್ತ ಬಂತು. ಮಿತಿ ಕಡಿಮೆಯಾದಷ್ಟೂ ಪ್ರಾಪ್ ಎನಿಸಿಕೊಳ್ಳುವ ಭಾರಿ ಮೈಕಟ್ಟಿನ ಫಾರ್ವರ್ಡ್‌ಗಳು ದಣಿದ ದೇಹದಲ್ಲೇ ಹೆಚ್ಚು ಹೊತ್ತು ಆಡಬೇಕಾಗುತ್ತದೆ. ಅದೇ 2016ರಲ್ಲಿ ಆಟವನ್ನು ಮತ್ತೆ ಆರಂಭಿಸುವ ಸ್ಕ್ರಮ್ ಮತ್ತು ಡ್ರಾಪ್-ಔಟ್‌ಗಳಿಗೆ ಗಡಿಯಾರದ ಲೆಕ್ಕ ಬಂದು, ಸುಮ್ಮನೆ ಕಾಲಹರಣ ಮಾಡಿ ದಣಿವಾರಿಸಿಕೊಳ್ಳುವ ದಾರಿಯೂ ಕಿರಿದಾಯಿತು.

ಕೋವಿಡ್ ವಿರಾಮದ ನಂತರ 2020ರ ಮೇ 28ರಂದು ಎನ್‌ಆರ್‌ಎಲ್ ಮತ್ತೆ ಆರಂಭವಾದಾಗ ಸಿಕ್ಸ್ ಅಗೇನ್ ನಿಯಮ ಜಾರಿಗೆ ಬಂತು. ರಕ್ಷಕರು ಟ್ಯಾಕಲ್ ಆದವನನ್ನು ಅತಿಯಾಗಿ ಹಿಡಿದಿಟ್ಟರೆ, ಪೆನಾಲ್ಟಿ ಕೊಟ್ಟು ಆಟ ನಿಲ್ಲಿಸುವ ಬದಲು ರೆಫರಿ ಆಗಿಂದಾಗಲೇ ಟ್ಯಾಕಲ್ ಲೆಕ್ಕವನ್ನು ಮೊದಲಿನಿಂದ ಶುರುಮಾಡುತ್ತಾನೆ. ಪೆನಾಲ್ಟಿಯಲ್ಲಿ ರಕ್ಷಕರಿಗೆ ದೊರೆಯುತ್ತಿದ್ದ ಅರೆ ನಿಮಿಷದ ಉಸಿರು ಇದರಿಂದ ಇಲ್ಲವಾಯಿತು. ನಾಲ್ಕು ಟ್ಯಾಕಲ್ ತಡೆದ ತಂಡ ಇನ್ನೂ ಆರನ್ನು ನಿಲ್ಲದೆ ತಡೆಯಬೇಕಾಗುತ್ತದೆ. ಪುನರಾವರ್ತಿತ ತೀವ್ರ ಶ್ರಮ ಹುಟ್ಟಲು ಇದಕ್ಕಿಂತ ಅನುಕೂಲವಾದ ಸನ್ನಿವೇಶವಿಲ್ಲ.

ವ್ಯಾಖ್ಯೆ ಮತ್ತು ಅಳತೆ

ಲೀಗ್ ಆಟಗಾರರ ಚಲನೆಯನ್ನು ಮೊದಲು ಅಳೆದದ್ದು ವಿಡಿಯೊ ನೋಡಿ. ಆಟಗಾರ ನಡೆದದ್ದು, ನಿಧಾನವಾಗಿ ಓಡಿದ್ದು, ಶರವೇಗದಲ್ಲಿ ಓಡಿದ್ದು ಎಂದು ವಿಂಗಡಿಸಿ, ಪ್ರತಿಯೊಂದಕ್ಕೂ ಹಿಡಿದ ಸಮಯವನ್ನು ಕೈಯಿಂದ ಗುರುತಿಸಲಾಗುತ್ತಿತ್ತು. ಇಂಥ ಅಧ್ಯಯನಗಳು ಓಟ ಮತ್ತು ವಿಶ್ರಾಂತಿಗಳ ಸರಾಸರಿ ಪ್ರಮಾಣವನ್ನು ಕೊಟ್ಟವು. ಪಂದ್ಯದ ಬಹುಪಾಲು ಸಮಯ ನಡಿಗೆ ಮತ್ತು ನಿಧಾನದ ಓಟದಲ್ಲೇ ಕಳೆಯುವುದರಿಂದ ಸರಾಸರಿಯನ್ನು ನಂಬಿ ತರಬೇತಿ ರೂಪಿಸಿದವರು ಆಟದ ನಿಜವಾದ ಕಷ್ಟವನ್ನು ಕಡಿಮೆ ಅಂದಾಜು ಮಾಡುವಂತಾಯಿತು.

ಫುಟ್‌ಬಾಲ್ ಮತ್ತು ಹಾಕಿಯಿಂದ ಬಂದ ಪುನರಾವರ್ತಿತ ಸ್ಪ್ರಿಂಟ್ ಎಂಬ ಅಳತೆಗೋಲು ಕೂಡ ಇಲ್ಲಿ ಸರಿಹೊಂದಲಿಲ್ಲ, ಏಕೆಂದರೆ ಅದು ಓಟವನ್ನಷ್ಟೇ ಎಣಿಸುತ್ತದೆ. ಐದು ಮೀಟರ್ ನುಗ್ಗಿ ಮೂರು ಟ್ಯಾಕಲ್ ಮಾಡಿದ ಪ್ರಾಪ್ ಆ ಲೆಕ್ಕದಲ್ಲಿ ಏನೂ ಮಾಡದವನಂತೆ ಕಾಣುತ್ತಾನೆ. ಈ ಕೊರತೆ ತುಂಬಲು ಆಸ್ಟ್ರೇಲಿಯದ ಕ್ರೀಡಾವಿಜ್ಞಾನಿಗಳಾದ ಟಿಮ್ ಗ್ಯಾಬೆಟ್, ಡೇಮಿಯನ್ ಆಸ್ಟಿನ್, ಡೇವಿಡ್ ಜೆಂಕಿನ್ಸ್ ಮತ್ತಿತರರು ಸುಮಾರು 2010ರ ಹೊತ್ತಿಗೆ ಹೊಸ ವ್ಯಾಖ್ಯೆಯನ್ನು ಬಳಕೆಗೆ ತಂದರು. ಅದರ ಪ್ರಕಾರ ರಭಸದ ವೇಗವರ್ಧನೆ, ಅಧಿಕ ವೇಗದ ಓಟ ಅಥವಾ ಡಿಕ್ಕಿ ಇವುಗಳಲ್ಲಿ ಯಾವುದೇ ಮೂರು ಅಥವಾ ಹೆಚ್ಚು ಶ್ರಮಗಳು, ಒಂದಕ್ಕೊಂದು 21 ಸೆಕೆಂಡಿಗಿಂತ ಕಡಿಮೆ ಬಿಡುವಿನಲ್ಲಿ ನಡೆದರೆ ಅದು ಒಂದು ಪುನರಾವರ್ತಿತ ತೀವ್ರ ಶ್ರಮದ ಕಂತು. ಅಧಿಕ ವೇಗ ಎಂದರೆ ಸಾಮಾನ್ಯವಾಗಿ ಸೆಕೆಂಡಿಗೆ 5 ಮೀಟರ್, ಅಂದರೆ ಗಂಟೆಗೆ 18 ಕಿಲೋಮೀಟರ್ ಮೀರಿದ ಓಟ.

ಈ ಎಣಿಕೆ ಸಾಧ್ಯವಾದದ್ದು ಆಟಗಾರ ಧರಿಸುವ ಸಣ್ಣ ಯಂತ್ರದಿಂದ. ಬಿಗಿಯಾದ ಒಳಅಂಗಿಯ ಬೆನ್ನಿನಲ್ಲಿ, ಎರಡು ಹೆಗಲಮೂಳೆಗಳ ನಡುವೆ ಕೂರುವ ಈ ಯಂತ್ರದಲ್ಲಿ ಉಪಗ್ರಹದ ಮೂಲಕ ಸ್ಥಾನ ಗುರುತಿಸುವ ಜಿಪಿಎಸ್, ಅಲುಗಾಟವನ್ನು ಸೆಕೆಂಡಿಗೆ ನೂರರಂತೆ ದಾಖಲಿಸುವ ಆಕ್ಸೆಲೆರೋಮೀಟರ್ ಮತ್ತು ತಿರುಗುವಿಕೆ ಅಳೆಯುವ ಗೈರೋಸ್ಕೋಪ್ ಇರುತ್ತವೆ. ಮೆಲ್ಬರ್ನಿನ ಕ್ಯಾಟಪಲ್ಟ್ ಕಂಪನಿ ಇಂಥ ಯಂತ್ರಗಳ ಪ್ರಮುಖ ತಯಾರಕ. ಓಟದ ದೂರವನ್ನು ಜಿಪಿಎಸ್ ಹೇಳಿದರೆ, ಡಿಕ್ಕಿಯ ಹೊಡೆತ ಮತ್ತು ದೇಹ ವಾಲಿದ ಬಗೆಯನ್ನು ಉಳಿದ ಎರಡು ಹೇಳುತ್ತವೆ. ಗಟ್ಟಿ ಡಿಕ್ಕಿಗಳನ್ನು ಯಂತ್ರ ಚೆನ್ನಾಗಿ ಗುರುತಿಸುತ್ತದೆ. ಹಗುರ ತಾಕಲಾಟ ಮತ್ತು ನೆಲದ ಮೇಲಿನ ಸೆಣಸಾಟದ ವಿಷಯದಲ್ಲಿ ಅಷ್ಟು ನಂಬಿಕೆಗೆ ಅರ್ಹವಲ್ಲ. ಅದಕ್ಕೆ ತಂಡಗಳು ಇಂದಿಗೂ ಯಂತ್ರದ ದಾಖಲೆಯ ಜೊತೆಗೆ ವಿಡಿಯೊ ಇಟ್ಟು ನೋಡುತ್ತವೆ.

ಸ್ಥಾನಕ್ಕೆ ತಕ್ಕ ಹೊರೆ

13 ಜನರ ಕೆಲಸ ಒಂದೇ ಬಗೆಯದಲ್ಲ. ಸಂಶೋಧಕರು ಅವರನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡುತ್ತಾರೆ. ಪ್ರಾಪ್‌ಗಳಂತೆ ಮೈದಾನದ ನಡುವೆ ಎದುರಾಳಿಯ ಸಾಲಿಗೆ ನೇರ ನುಗ್ಗುವವರು ಹಿಟ್-ಅಪ್ ಫಾರ್ವರ್ಡ್‌ಗಳು. ಸ್ವಲ್ಪ ಅಂಚಿನಲ್ಲಿ ಓಡುವ ಎರಡನೆಯ ಸಾಲಿನವರು ಮತ್ತು ಲಾಕ್ ಇನ್ನೊಂದು ಗುಂಪು. ಹುಕರ್, ಹಾಫ್‌ಬ್ಯಾಕ್, ಫೈವ್-ಏಟ್, ಫುಲ್‌ಬ್ಯಾಕ್ ಇವರು ಆಟ ಕಟ್ಟುವವರು. ಸೆಂಟರ್ ಮತ್ತು ವಿಂಗ್ ಆಟಗಾರರು ಹೊರ ಅಂಚಿನವರು.

ಗ್ಯಾಬೆಟ್, ಜೆಂಕಿನ್ಸ್ ಮತ್ತು ಬ್ರೂಸ್ ಅಬರ್ನೆಥಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎನ್‌ಆರ್‌ಎಲ್ ಪಂದ್ಯವೊಂದರಲ್ಲಿ ಹಿಟ್-ಅಪ್ ಫಾರ್ವರ್ಡ್‌ಗಳು ಸರಾಸರಿ ಸುಮಾರು 3.5 ಕಿ.ಮೀ., ಅಂಚಿನ ಫಾರ್ವರ್ಡ್‌ಗಳು 5.5, ಆಟ ಕಟ್ಟುವವರು 6.4, ಹೊರ ಅಂಚಿನವರು 6.8 ಕಿ.ಮೀ. ಕ್ರಮಿಸಿದರು. ಅಂಕಿಗಳನ್ನಷ್ಟೇ ನೋಡಿದರೆ ಪ್ರಾಪ್‌ನದು ಹಗುರ ಕೆಲಸ ಎನಿಸುತ್ತದೆ. ಅವನು ಪಂದ್ಯದ ಅರ್ಧದಷ್ಟು ಹೊತ್ತು ಮಾತ್ರ ಮೈದಾನದಲ್ಲಿದ್ದ ಎಂಬುದನ್ನೂ, ಆ ಹೊತ್ತಿನಲ್ಲಿ ಅವನಿಗಾದ ಡಿಕ್ಕಿಗಳ ಸಾಂದ್ರತೆಯನ್ನೂ ಗಣಿಸಿದಾಗ ಚಿತ್ರ ತಲೆಕೆಳಗಾಗುತ್ತದೆ. ನಿಮಿಷವೊಂದಕ್ಕೆ ಆಗುವ ಡಿಕ್ಕಿಗಳಲ್ಲೂ ಪುನರಾವರ್ತಿತ ತೀವ್ರ ಶ್ರಮದ ಕಂತುಗಳಲ್ಲೂ ಫಾರ್ವರ್ಡ್‌ಗಳೇ ಮುಂದು.

ಸ್ಪ್ರಿಂಟ್‌ಗಳ ಉದ್ದವೂ ಇದೇ ಕಥೆ ಹೇಳುತ್ತದೆ. ಲೀಗ್‌ನಲ್ಲಿ ಬಹುಪಾಲು ಸ್ಪ್ರಿಂಟ್‌ಗಳು 20 ಮೀಟರ್‌ಗಿಂತ ಚಿಕ್ಕವು. ಪ್ರಾಪ್‌ನ ಸ್ಪ್ರಿಂಟ್ ಹೆಚ್ಚಾಗಿ 6ರಿಂದ 10 ಮೀಟರ್. ಡಿಕ್ಕಿಯೇ ಅದರ ಕೊನೆ. ವಿಂಗ್ ಆಟಗಾರನಿಗೆ 20 ಮೀಟರ್ ದಾಟುವ ಓಟಗಳು ಹೆಚ್ಚು, ನಡುವೆ ನಡೆದಾಡುವ ಬಿಡುವೂ ಹೆಚ್ಚು. ಹುಕರ್‌ನದು ಎರಡರ ನಡುವಣ ಪಾಡು: ದಾಳಿಯಲ್ಲಿ ಪ್ರತಿ ಪ್ಲೇ-ದ-ಬಾಲ್‌ಗೂ ಓಡಿ ಬರಬೇಕು, ರಕ್ಷಣೆಯಲ್ಲಿ ಮೈದಾನದ ನಡುವೆಯೇ ನಿಲ್ಲಬೇಕು, ಒಂದೇ ಪಂದ್ಯದಲ್ಲಿ 40 ಟ್ಯಾಕಲ್ ದಾಟುವುದು ಈ ಸ್ಥಾನದವರಿಗೆ ಅಪರೂಪವೇನಲ್ಲ.

ಕಷ್ಟದ ಘಟ್ಟಗಳು

ಇಡೀ ಪಂದ್ಯದ ಸರಾಸರಿ ತೆಗೆದರೆ ಆಟಗಾರ ನಿಮಿಷಕ್ಕೆ 85ರಿಂದ 100 ಮೀಟರ್ ಆಸುಪಾಸು ಕ್ರಮಿಸುತ್ತಾನೆ. ಅದೇ ಪಂದ್ಯದ ಅತಿ ಬಿರುಸಿನ ಒಂದು ನಿಮಿಷವನ್ನು ಬೇರೆ ಮಾಡಿ ನೋಡಿದರೆ ಆ ಪ್ರಮಾಣ 150 ಮೀಟರ್ ದಾಟುತ್ತದೆ. ಸರಾಸರಿಗೆ ತಕ್ಕಂತೆ ತಯಾರಾದವನು ಈ ನಿಮಿಷದಲ್ಲಿ ಸೋಲುತ್ತಾನೆ ಎಂಬುದು ಇತ್ತೀಚಿನ ಸಂಶೋಧನೆಯ ಮುಖ್ಯ ಪಾಠ.

ಬಿರುಸು ಎಲ್ಲಿ ಗುಂಪುಗೂಡುತ್ತದೆ ಎಂಬುದೂ ಗೊತ್ತಾಗಿದೆ. ರಕ್ಷಣೆಯಲ್ಲಿ ದಾಳಿಗಿಂತ ಶ್ರಮ ಹೆಚ್ಚು, ಏಕೆಂದರೆ ದಾಳಿ ಮಾಡುವ ತಂಡದಲ್ಲಿ ಚೆಂಡು ಹಿಡಿದು ನುಗ್ಗುವವನು ಒಬ್ಬ. ಅವನನ್ನು ತಡೆಯುವವರು ಇಬ್ಬರು ಮೂವರು. ಅದರಲ್ಲೂ ತಮ್ಮದೇ ಟ್ರೈ ಗೆರೆಯ ಬಳಿ ನಿಂತು ರಕ್ಷಿಸುವಾಗ ಪುನರಾವರ್ತಿತ ಶ್ರಮ ಎದ್ದು ಕಾಣುತ್ತದೆ. ಅಲ್ಲಿ ಹಿಂದೆ ಸರಿಯಲು 10 ಮೀಟರ್ ಜಾಗವಿರದೆ ಓಟದ ದೂರ ತಗ್ಗುತ್ತದೆ, ಡಿಕ್ಕಿಗಳು ಒತ್ತೊತ್ತಾಗುತ್ತವೆ. ದೂರವನ್ನಷ್ಟೇ ಅಳೆಯುವ ಯಂತ್ರಕ್ಕೆ ಇದು ಶಾಂತ ಗಳಿಗೆಯಾಗಿ ಕಾಣುತ್ತದೆ. ಎದುರಾಳಿ ಚೆಂಡನ್ನು ಗೆರೆಯೊಳಗೆ ಒದ್ದು, ರಕ್ಷಕರು ಅದರೊಡನೆ ಅಲ್ಲೇ ಸಿಕ್ಕಿಬಿದ್ದು, ಚೆಂಡನ್ನು ಒದ್ದು ಎದುರಾಳಿಗೆ ಬಿಡುವ ಡ್ರಾಪ್-ಔಟ್ ಕೊಡಬೇಕಾಗಿ ಬಂದರೆ, ಅದೇ ತಂಡ ಮತ್ತೊಂದು ಸುತ್ತು ರಕ್ಷಣೆ ಮಾಡಬೇಕು. ಹೀಗೆ ಎರಡು ಮೂರು ಸುತ್ತು ಸತತವಾಗಿ ತಡೆದ ತಂಡ ಆ ಬಳಿಕ ಟ್ರೈ ಬಿಟ್ಟುಕೊಡುವುದು ಲೀಗ್ ನೋಡುವವರಿಗೆಲ್ಲ ಪರಿಚಿತ ದೃಶ್ಯ. ಟ್ರೈಗಳ ಹಿಂದುಮುಂದಿನ ನಿಮಿಷಗಳಲ್ಲಿ ಇಂಥ ಶ್ರಮದ ಕಂತುಗಳು ದಟ್ಟವಾಗಿರುತ್ತವೆ ಎಂಬುದನ್ನು ಅಳತೆಗಳೂ ತೋರಿಸಿವೆ.

ದೇಹದೊಳಗಿನ ಕ್ರಿಯೆ

ಅಲ್ಪಾವಧಿಯ ಗರಿಷ್ಠ ಶ್ರಮಕ್ಕೆ ಸ್ನಾಯುವಿನಲ್ಲಿ ಸಿದ್ಧವಾಗಿರುವ, ಶಕ್ತಿ ಒದಗಿಸುವ ಎಟಿಪಿ ಅಣು ಒಂದೆರಡು ಸೆಕೆಂಡಿಗೆ ಸಾಲುತ್ತದೆ. ಅದನ್ನು ತಕ್ಷಣ ಮರುಪೂರೈಸುವುದು ಕ್ರಿಯೇಟಿನ್ ಫಾಸ್ಫೇಟ್. ಇದೂ ಕೆಲವು ಸೆಕೆಂಡುಗಳ ಪೂರ್ಣ ಬಲದ ಕೆಲಸದಲ್ಲಿ ಬಹಳಷ್ಟು ಕರಗುತ್ತದೆ. ಖಾಲಿಯಾದ ಕ್ರಿಯೇಟಿನ್ ಫಾಸ್ಫೇಟ್ ಅರ್ಧದಷ್ಟು ತುಂಬಲು ಅರ್ಧ ನಿಮಿಷದಷ್ಟೂ, ಪೂರ್ತಿ ತುಂಬಲು ಹಲವು ನಿಮಿಷಗಳೂ ಬೇಕು. ಎರಡು ಟ್ಯಾಕಲ್‌ಗಳ ನಡುವೆ ಸಿಗುವ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದು ತುಂಬುವುದಿಲ್ಲ. ಹೀಗಾಗಿ ಮೂರನೆಯ, ನಾಲ್ಕನೆಯ ಶ್ರಮಕ್ಕೆ ಸ್ನಾಯು ಗ್ಲೈಕೋಜನನ್ನು ಆಮ್ಲಜನಕವಿಲ್ಲದೆ ಒಡೆಯುವ ದಾರಿಯನ್ನು ಹೆಚ್ಚು ಅವಲಂಬಿಸುತ್ತದೆ. ಆಗ ಸ್ನಾಯುವಿನಲ್ಲಿ ಹೈಡ್ರೋಜನ್ ಅಯಾನುಗಳು ಮತ್ತು ಅಜೈವಿಕ ಫಾಸ್ಫೇಟ್ ಸಂಗ್ರಹವಾಗಿ, ಸ್ನಾಯುತಂತುಗಳು ಬಲ ಹುಟ್ಟಿಸುವ ಶಕ್ತಿ ಕುಂದುತ್ತದೆ.

ಆರನ್ ಕೂಟ್ಸ್ ಮತ್ತು ಸಹಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅರೆವೃತ್ತಿಪರ ಆಟಗಾರರ ಹೃದಯ ಬಡಿತ ಪಂದ್ಯದುದ್ದಕ್ಕೂ ಸರಾಸರಿ ನಿಮಿಷಕ್ಕೆ 166, ಅಂದರೆ ಅವರ ಗರಿಷ್ಠದ ಸುಮಾರು ಶೇಕಡ 84ರಷ್ಟು ಇತ್ತು. ಆಮ್ಲಜನಕವಿಲ್ಲದೆ ಗ್ಲೈಕೋಜನ್ ಒಡೆದಾಗ ಹುಟ್ಟುವ ಲ್ಯಾಕ್ಟೇಟ್ ರಕ್ತದಲ್ಲಿ ಸರಾಸರಿ ಲೀಟರಿಗೆ 7.2 ಮಿಲಿಮೋಲ್ ಇತ್ತು. ವಿಶ್ರಾಂತಿಯಲ್ಲಿ ಇದು 1ರ ಆಸುಪಾಸು ಇರುವುದನ್ನು ನೆನೆದರೆ, ಆಮ್ಲಜನಕರಹಿತ ಶಕ್ತಿಯ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದು ತಿಳಿಯುತ್ತದೆ. ಹಾಗೆಂದು ಆಮ್ಲಜನಕ ಬಳಸುವ ಸಾಮರ್ಥ್ಯಕ್ಕೆ ಕೆಲಸವಿಲ್ಲ ಎಂದಲ್ಲ. ಬಿಡುವಿನಲ್ಲಿ ಕ್ರಿಯೇಟಿನ್ ಫಾಸ್ಫೇಟ್ ಮತ್ತೆ ತುಂಬುವುದು ಆಮ್ಲಜನಕದ ನೆರವಿನಿಂದಲೇ. ಶ್ವಾಸಕೋಶ, ಹೃದಯ, ರಕ್ತನಾಳಗಳು ಚುರುಕಾಗಿರುವ ಆಟಗಾರ ಅದೇ ಹತ್ತು ಸೆಕೆಂಡಿನಲ್ಲಿ ಹೆಚ್ಚು ಚೇತರಿಸಿಕೊಳ್ಳುತ್ತಾನೆ.

ಡಿಕ್ಕಿ ಈ ಲೆಕ್ಕಕ್ಕೆ ಸೇರಿಸುವುದೇನು? ರಿಚ್ ಜಾನ್ಸ್ಟನ್ ಮತ್ತು ಗ್ಯಾಬೆಟ್ 2011ರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಆಟಗಾರರು ಒಮ್ಮೆ 20 ಸೆಕೆಂಡಿಗೊಂದರಂತೆ 20 ಮೀಟರ್‌ಗಳ 12 ಸ್ಪ್ರಿಂಟ್ ಓಡಿದರು. ಇನ್ನೊಮ್ಮೆ ಅದೇ ಸ್ಪ್ರಿಂಟ್‌ಗಳ ನಡುವೆ ಟ್ಯಾಕಲ್‌ಗಳನ್ನೂ ಮಾಡಿದರು. ಟ್ಯಾಕಲ್ ಸೇರಿದಾಗ ಹೃದಯ ಬಡಿತ, ಆಟಗಾರನಿಗೆ ಅನಿಸುವ ಶ್ರಮ, ಓಟದ ವೇಗದಲ್ಲಾಗುವ ಇಳಿತ ಎಲ್ಲವೂ ಹೆಚ್ಚಿದವು. ಸೆಣಸಾಟದಲ್ಲಿ ತೋಳು, ಹೆಗಲು, ಕತ್ತು, ಸೊಂಟದ ಸ್ನಾಯುಗಳು ಬಿಗಿದ ಸ್ಥಿತಿಯಲ್ಲೇ ನಿಲ್ಲುವುದರಿಂದ ಅಲ್ಲಿ ರಕ್ತ ಹರಿವಿಗೆ ತಡೆಯಾಗುತ್ತದೆ, ಬಿಡುವಿನ ಲಾಭವೂ ಕುಗ್ಗುತ್ತದೆ. ಡಿಕ್ಕಿಯಿಲ್ಲದ ಆಟ ಕಾಲುಗಳನ್ನು ದಣಿಸಿದರೆ, ಡಿಕ್ಕಿಯಿರುವ ಆಟ ದೇಹದ ಮೇಲ್ಭಾಗದ ಸ್ಫೋಟಕ ಬಲವನ್ನೂ ಕುಂದಿಸುತ್ತದೆ ಎಂಬುದು ಜಾನ್ಸ್ಟನ್ ತಂಡದ ಮುಂದಿನ ಕೆಲಸದಲ್ಲಿ ಕಂಡುಬಂತು.

ದಣಿವು, ಕೌಶಲ ಮತ್ತು ಗಾಯ

ದಣಿದ ಆಟಗಾರ ಮೊದಲು ಕಳೆದುಕೊಳ್ಳುವುದು ದೇಹದ ನಿಲುವನ್ನು. ಒಳ್ಳೆಯ ಟ್ಯಾಕಲ್‌ಗೆ ಮೊಣಕಾಲು ಬಾಗಿಸಿ ಸೊಂಟ ತಗ್ಗಿಸಬೇಕು, ಕಾಲನ್ನು ಎದುರಾಳಿಯ ಹತ್ತಿರ ಊರಬೇಕು, ಹೆಗಲಿನಿಂದ ತಾಗಿ ತೋಳುಗಳಿಂದ ಸುತ್ತಬೇಕು, ತಾಗಿದ ಮೇಲೂ ಕಾಲುಗಳಿಂದ ತಳ್ಳುತ್ತಿರಬೇಕು. 2008ರಲ್ಲಿ ಪ್ರಕಟವಾದ ಗ್ಯಾಬೆಟ್ ಅಧ್ಯಯನದಲ್ಲಿ ಪುನರಾವರ್ತಿತ ಶ್ರಮ ಹೆಚ್ಚುತ್ತ ಹೋದಂತೆ ಈ ತಂತ್ರ ಹಂತಹಂತವಾಗಿ ಕೆಟ್ಟಿತು. ಆಮ್ಲಜನಕ ಬಳಕೆಯ ಸಾಮರ್ಥ್ಯ ಹೆಚ್ಚಿದ್ದವರಲ್ಲಿ ಕಡಿಮೆ ಕೆಟ್ಟಿತು. ನೆಟ್ಟಗೆ ನಿಂತು ತೋಳಿನಿಂದಷ್ಟೇ ಹಿಡಿಯಲು ಹೋಗುವ ದಣಿದ ರಕ್ಷಕ ಟ್ಯಾಕಲ್‌ನಲ್ಲಿ ವಿಫಲನಾಗುತ್ತಾನೆ, ಇಲ್ಲವೇ ತಲೆಯನ್ನು ತಪ್ಪು ಜಾಗಕ್ಕೆ ಒಡ್ಡುತ್ತಾನೆ.

ಲೀಗ್‌ನಲ್ಲಿ ಗಾಯಗಳಿಗೆ ಟ್ಯಾಕಲ್ ಪ್ರಮುಖ ಕಾರಣ. ಹೆಗಲು, ಮೊಣಕಾಲು, ಹಿಮ್ಮಡಿಯ ಕೀಲು ಹೆಚ್ಚಾಗಿ ಪೆಟ್ಟು ತಿನ್ನುವ ಜಾಗಗಳು. ತಲೆಗೆ ಬೀಳುವ ಪೆಟ್ಟು ಇಂದು ಆಟದ ದೊಡ್ಡ ಆತಂಕ. ತಲೆಗೆ ಪೆಟ್ಟಾದ ಅನುಮಾನವಿರುವ ಆಟಗಾರನನ್ನು ಹೊರಗೆ ಕರೆದು ಪರೀಕ್ಷಿಸುವುದು ಈಗ ಕಡ್ಡಾಯ. ಪರೀಕ್ಷೆಯಲ್ಲಿ ಅನುತ್ತೀರ್ಣರಾದವರ ಜಾಗಕ್ಕೆ ನಿಗದಿತ ಸನ್ನಿವೇಶಗಳಲ್ಲಿ 18ನೆಯ ಆಟಗಾರನನ್ನು ಇಳಿಸುವ ಅವಕಾಶವನ್ನು ಎನ್‌ಆರ್‌ಎಲ್ 2021ರಲ್ಲಿ ತಂದಿತು. ಒಬ್ಬಿಬ್ಬರು ಹೊರಹೋದಾಗ ಉಳಿದವರ ಮೇಲೆ ಬೀಳುವ ಹೆಚ್ಚುವರಿ ಶ್ರಮವನ್ನು ತಗ್ಗಿಸುವುದರಲ್ಲೂ ಇದು ನೆರವಾಗುತ್ತದೆ.

ಆಟಗಾರರು ದಣಿವಿಗೆ ಸುಮ್ಮನೆ ಬಲಿಯಾಗುವುದಿಲ್ಲ, ಅದನ್ನು ಹಂಚಿಕೊಂಡು ಆಡುತ್ತಾರೆ. ಮಾರ್ಕ್ ವಾಲ್ಡ್ರನ್, ಜೇಮಿ ಹೈಟನ್, ಕ್ರೇಗ್ ಟ್ವಿಸ್ಟ್ ಮತ್ತಿತರರು ಇಂಗ್ಲೆಂಡಿನಲ್ಲಿ ಮಾಡಿದ ಕೆಲಸ ಇದನ್ನು ತೋರಿಸಿತು. ಹೊರಗೆ ಕರೆಸಿಕೊಳ್ಳುವರೆಂದು ಗೊತ್ತಿರುವ ಬದಲಿ ಆಟಗಾರ ಆರಂಭದಲ್ಲೇ ಬಿರುಸಾಗಿ ಆಡುತ್ತಾನೆ. 80 ನಿಮಿಷವೂ ಆಡಬೇಕಾದವನು ಅನಿವಾರ್ಯವಲ್ಲದ ಓಟವನ್ನು ಉಳಿಸಿಕೊಂಡು, ಟ್ಯಾಕಲ್‌ನಂಥ ತಪ್ಪಿಸಲಾಗದ ಕೆಲಸಕ್ಕೆ ಬಲ ಕಾಯ್ದಿಡುತ್ತಾನೆ. ಓಟದ ದೂರ ಇಳಿದ ಮಾತ್ರಕ್ಕೆ ಆಟಗಾರ ಸೋತಿದ್ದಾನೆ ಎನ್ನಲಾಗದು.

ಪಂದ್ಯದ ನಂತರ

ಡಿಕ್ಕಿಯ ಗುರುತು ರಕ್ತದಲ್ಲಿ ಹಲವು ದಿನ ಉಳಿಯುತ್ತದೆ. ಸ್ನಾಯು ಜಖಂಗೊಂಡಾಗ ಕ್ರಿಯೇಟಿನ್ ಕೈನೇಸ್ ಎಂಬ ಕಿಣ್ವ ರಕ್ತಕ್ಕೆ ಸೋರುತ್ತದೆ. ಕ್ರಿಸ್ಟೋಫರ್ ಮೆಕ್ಲೆಲನ್ ಮತ್ತು ಸಹೋದ್ಯೋಗಿಗಳು ಅಳೆದಂತೆ ಪಂದ್ಯವಾದ 24 ಗಂಟೆಗೆ ಇದು ಉತ್ತುಂಗಕ್ಕೇರಿ, 120 ಗಂಟೆ, ಅಂದರೆ ಐದು ದಿನಗಳಾದರೂ ಮೊದಲಿನ ಮಟ್ಟಕ್ಕೆ ಇಳಿದಿರಲಿಲ್ಲ. ಜಿಗಿತದಲ್ಲಿ ಕಾಲುಗಳ ಬಲ ಸುಮಾರು ಎರಡು ದಿನಗಳಲ್ಲಿ ಮರಳಿತು. ಬಲ ಬಂದಿತೆಂದರೆ ಸ್ನಾಯು ಪೂರ್ತಿ ಚೇತರಿಸಿಕೊಂಡಿದೆ ಎಂದು ತಿಳಿಯಬಾರದು ಎಂಬುದು ಇದರ ಸಾರ. ಹೆಚ್ಚು ಡಿಕ್ಕಿ ಉಂಡವರಲ್ಲಿ ಕಿಣ್ವದ ಏರಿಕೆಯೂ ಹೆಚ್ಚು.

ವೇಳಾಪಟ್ಟಿ ಈ ಜೈವಿಕ ಗಡಿಯಾರಕ್ಕೆ ಕಾಯುವುದಿಲ್ಲ. ಎನ್‌ಆರ್‌ಎಲ್‌ನಲ್ಲಿ ಎರಡು ಪಂದ್ಯಗಳ ನಡುವೆ ಕೆಲವೊಮ್ಮೆ ಐದೇ ದಿನ ಇರುತ್ತದೆ. ವರ್ಷದ ನಡುವೆ ನ್ಯೂ ಸೌತ್ ವೇಲ್ಸ್ ಮತ್ತು ಕ್ವೀನ್ಸ್‌ಲ್ಯಾಂಡ್ ನಡುವೆ ನಡೆಯುವ, 1980ರಲ್ಲಿ ಆರಂಭವಾದ ಸ್ಟೇಟ್ ಆಫ್ ಆರಿಜಿನ್ ಪಂದ್ಯಗಳ ರಭಸ ಕ್ಲಬ್ ಪಂದ್ಯಗಳನ್ನು ಮೀರಿಸುತ್ತದೆ. ಅದನ್ನು ಆಡಿದವರು ಕೆಲವೇ ದಿನಗಳಲ್ಲಿ ತಂತಮ್ಮ ಕ್ಲಬ್ಬಿಗೆ ಮರಳಿ ಆಡಬೇಕು. ಕಿರಿಯರ ಟೂರ್ನಿಗಳಲ್ಲಿ ಸ್ಥಿತಿ ಇನ್ನೂ ಬಿಗಿ. ಐದು ದಿನಗಳಲ್ಲಿ ತಲಾ 40 ನಿಮಿಷದ ಐದು ಪಂದ್ಯ ಆಡಿದ ಕಿರಿಯರನ್ನು ಜಾನ್ಸ್ಟನ್ ತಂಡ ಗಮನಿಸಿದಾಗ ದಣಿವು ದಿನದಿಂದ ದಿನಕ್ಕೆ ಕೂಡುತ್ತ ಹೋಗಿ, ಕೊನೆಯ ಪಂದ್ಯಗಳ ಆಟಕ್ಕೆ ಪೆಟ್ಟುಕೊಟ್ಟಿತು.

ನಿದ್ದೆ, ಗ್ಲೈಕೋಜನ್ ತುಂಬುವ ಕಾರ್ಬೋಹೈಡ್ರೇಟ್ ಆಹಾರ, ಸ್ನಾಯು ದುರಸ್ತಿಗೆ ಪ್ರೋಟೀನ್ ಚೇತರಿಕೆಯ ಅಡಿಗಲ್ಲುಗಳು. ತಣ್ಣೀರ ಸ್ನಾನ, ಒತ್ತುಡುಪು, ಅಂಗಮರ್ದನ ಎಲ್ಲ ಕ್ಲಬ್ಬುಗಳಲ್ಲಿ ಬಳಕೆಯಲ್ಲಿದ್ದರೂ ಅವು ಈ ಮೂರಕ್ಕೆ ಬದಲಿಯಲ್ಲ.

ಪರೀಕ್ಷೆ ಮತ್ತು ತರಬೇತಿ

ಆಟಗಾರನ ಸಾಮರ್ಥ್ಯ ಅಳೆಯಲು ಯೋ-ಯೋ ಮತ್ತು ಮಾರ್ಟಿನ್ ಬುಶೀಟ್ ರೂಪಿಸಿದ 30-15 ಓಟದ ಪರೀಕ್ಷೆಗಳು ಬಳಕೆಯಲ್ಲಿವೆ. ಇಂಗ್ಲೆಂಡಿನ ಸಂಶೋಧಕರು ಯೋ-ಯೋವನ್ನು ಲೀಗ್‌ಗೆ ಹೊಂದಿಸಿ, ಪ್ರತಿ ಓಟವನ್ನೂ ಬೋರಲು ಮಲಗಿದ ಸ್ಥಿತಿಯಿಂದ ಎದ್ದು ಆರಂಭಿಸುವ ರೂಪ ಕೊಟ್ಟರು. ನೆಲದಿಂದ ದೇಹವನ್ನು ಎತ್ತಿಕೊಂಡು ಓಡುವುದು ಭಾರಿ ಮೈಯವರಿಗೆ ಎಷ್ಟು ದುಬಾರಿ ಎಂಬುದು ಇದರಿಂದ ತಿಳಿಯುತ್ತದೆ.

ತರಬೇತಿಯ ಬುನಾದಿ ಎರಡು ಗುಣಗಳ ಮೇಲೆ ನಿಂತಿದೆ: ಆಮ್ಲಜನಕ ಬಳಕೆಯ ಸಾಮರ್ಥ್ಯ ಮತ್ತು ಕಾಲುಗಳ ಬಲ. ಸ್ಕ್ವಾಟ್‌ನಲ್ಲಿ ಹೆಚ್ಚು ಭಾರ ಎತ್ತುವವರು, ಓಟದ ಪರೀಕ್ಷೆಯಲ್ಲಿ ಮುಂದಿರುವವರು ಪಂದ್ಯದಲ್ಲಿ ಹೆಚ್ಚು ಕೆಲಸ ಮಾಡಿದರೂ ನಂತರ ಕಡಿಮೆ ದಣಿದಿರುತ್ತಾರೆ ಎಂದು ಜಾನ್ಸ್ಟನ್ ಮತ್ತಿತರರ 2015ರ ಅಧ್ಯಯನ ಕಂಡುಕೊಂಡಿತು. ಇದರ ಮೇಲೆ ಆಟಕ್ಕೆ ಹತ್ತಿರವಾದ ಅಭ್ಯಾಸ ಕಟ್ಟಲಾಗುತ್ತದೆ: ಮುಂದೆ ನುಗ್ಗುವುದು, ಪ್ಯಾಡ್‌ಗೆ ಹೆಗಲು ಕೊಡುವುದು, ನೆಲಕ್ಕೆ ಬಿದ್ದು ಏಳುವುದು, 10 ಮೀಟರ್ ಹಿಂದೆ ಸರಿಯುವುದು, ಜೊತೆಗಾರನೊಡನೆ ಕೆಲವು ಸೆಕೆಂಡು ಸೆಣಸುವುದು, ಮತ್ತೆ ಮೊದಲಿನಿಂದ. ಕಿರಿದಾದ ಮೈದಾನದಲ್ಲಿ ಕಡಿಮೆ ಜನರು ಆಡುವ ಪಂದ್ಯಗಳೂ ಜನಪ್ರಿಯ. ಅವುಗಳ ನಡುವೆ ಸೆಣಸಾಟ ಸೇರಿಸಿದರೆ ಓಟದ ದೂರ ತಗ್ಗಿ, ಪುನರಾವರ್ತಿತ ಶ್ರಮದ ಕಂತುಗಳು ಹೆಚ್ಚುತ್ತವೆ.

ಪೂರ್ಣ ಬಲದ ಡಿಕ್ಕಿಯನ್ನು ವಾರವಿಡೀ ಅಭ್ಯಾಸ ಮಾಡಿಸುವಂತಿಲ್ಲ, ಗಾಯದ ಭಯವಿರುತ್ತದೆ. ಮಾಡಿಸದೆ ಬಿಟ್ಟರೆ ದೇಹ ಪಂದ್ಯದ ಹೊಡೆತಕ್ಕೆ ಒಗ್ಗದು. ತರಬೇತಿ ಹೊರೆಯನ್ನು ಹಠಾತ್ತಾಗಿ ಏರಿಸುವುದು ಅಪಾಯ, ಕ್ರಮವಾಗಿ ಬೆಳೆಸಿದ ಹೆಚ್ಚು ಹೊರೆ ರಕ್ಷಣೆ ಎಂಬ ಗ್ಯಾಬೆಟ್ ವಾದ 2016ರಲ್ಲಿ ಪ್ರಕಟವಾಗಿ ಕ್ರೀಡಾಲೋಕದಲ್ಲಿ ವ್ಯಾಪಕವಾಗಿ ಚರ್ಚೆಯಾಯಿತು. ಇತ್ತೀಚಿನ ಹೊರೆಯನ್ನು ಹಿಂದಿನ ವಾರಗಳ ಹೊರೆಯಿಂದ ಭಾಗಿಸುವ ಅದರ ಸೂತ್ರವನ್ನು ಫ್ರಾಂಕೊ ಇಂಪೆಲಿಝೆರಿಯಂಥವರು ಸಂಖ್ಯಾಶಾಸ್ತ್ರದ ನೆಲೆಯಲ್ಲಿ ಟೀಕಿಸಿದ್ದಾರೆ. ಸೂತ್ರದ ಬಗ್ಗೆ ಭಿನ್ನಮತವಿದ್ದರೂ, ಹೊರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಬೇಕು ಎಂಬುದನ್ನು ತರಬೇತುದಾರರು ಒಪ್ಪುತ್ತಾರೆ.

ಮಹಿಳಾ ಲೀಗ್

ಎನ್‌ಆರ್‌ಎಲ್‌ನ ಮಹಿಳಾ ಟೂರ್ನಿ 2018ರಲ್ಲಿ ನಾಲ್ಕು ತಂಡಗಳೊಂದಿಗೆ ಆರಂಭವಾಯಿತು. ಇಂಗ್ಲೆಂಡಿನ ಮಹಿಳಾ ಸೂಪರ್ ಲೀಗ್ ಅದಕ್ಕಿಂತ ಒಂದು ವರ್ಷ ಹಳೆಯದು. ಡಿಕ್ಕಿ ಮತ್ತು ಓಟ ಬೆರೆತ ಶ್ರಮದ ಮೂಲ ವಿನ್ಯಾಸ ಇಲ್ಲಿಯೂ ಅದೇ. ಆದರೆ ಅನೇಕ ಆಟಗಾರ್ತಿಯರು ಬೇರೆ ಉದ್ಯೋಗದ ಜೊತೆಗೆ ಆಡುವುದರಿಂದ ತರಬೇತಿಗೂ ಚೇತರಿಕೆಗೂ ಸಿಗುವ ಸಮಯ ಪುರುಷರಿಗಿಂತ ಕಡಿಮೆ. ಪುರುಷರ ಅಳತೆಗಳಿಂದ ಬಂದ ವೇಗದ ಮಿತಿಗಳನ್ನು ಇವರಿಗೂ ಹಾಗೆಯೇ ಹಚ್ಚಿದರೆ ಅವರ ತೀವ್ರ ಶ್ರಮದ ಒಂದು ಭಾಗ ಎಣಿಕೆಗೆ ಸಿಗದೆ ಹೋಗುತ್ತದೆ.

ಚರ್ಚೆಗಳು

ಪುನರಾವರ್ತಿತ ತೀವ್ರ ಶ್ರಮದ ವ್ಯಾಖ್ಯೆಗೂ ಮಿತಿಗಳಿವೆ. 20 ಸೆಕೆಂಡಿನ ಬಿಡುವು ಕಂತಿನೊಳಗೆ, 22 ಸೆಕೆಂಡಿನದು ಹೊರಗೆ ಎಂಬ ಗೆರೆ ಎಣಿಕೆಯ ಅನುಕೂಲಕ್ಕೆ ಎಳೆದದ್ದು; ಸ್ನಾಯುವಿಗೆ ಅಂಥ ಗೆರೆ ಇಲ್ಲ. ಹಗುರ ಟ್ಯಾಕಲ್ ಮತ್ತು ಮೂಳೆ ನಡುಗಿಸುವ ಟ್ಯಾಕಲ್ ಎರಡೂ ಒಂದೊಂದೇ ಶ್ರಮವಾಗಿ ಲೆಕ್ಕಕ್ಕೆ ಬರುತ್ತವೆ. ಆಟಗಾರನ ಸ್ವಂತ ಗರಿಷ್ಠ ವೇಗವನ್ನು ಗಣಿಸದ ಮಿತಿಗಳು ನಿಧಾನಗತಿಯ ಪ್ರಾಪ್‌ನ ದುಡಿಮೆಯನ್ನು ಕಡಿಮೆ ತೋರಿಸುತ್ತವೆ. ಹೀಗಾಗಿ ಕಂತುಗಳ ಎಣಿಕೆಯ ಜೊತೆಗೆ ಪಂದ್ಯದ ಅತಿ ಬಿರುಸಿನ ನಿಮಿಷಗಳನ್ನೂ ಪ್ರತಿ ಡಿಕ್ಕಿಯ ತೀವ್ರತೆಯನ್ನೂ ನೋಡುವ ಕ್ರಮ ಬೆಳೆಯುತ್ತಿದೆ.

ಇನ್ನೊಂದು ಚರ್ಚೆ ಪ್ರಯೋಗಾಲಯದಿಂದ ಹೊರಗಿನದು. ಬದಲಿ ಆಟಗಾರರ ಮಿತಿ ಇಳಿಸಬೇಕೆಂದು ವಾದಿಸಿದವರ ಒಂದು ಉದ್ದೇಶ ದಣಿವನ್ನು ಹೆಚ್ಚಿಸುವುದೇ ಆಗಿತ್ತು: ದೈತ್ಯ ಫಾರ್ವರ್ಡ್‌ಗಳು ಬಳಲಿದಾಗ ಸಣ್ಣ ಮೈಕಟ್ಟಿನ ಚುರುಕು ಆಟಗಾರರಿಗೆ ಸಾಲಿನಲ್ಲಿ ಬಿರುಕು ಸಿಗುತ್ತದೆ, ಆಟ ತೆರೆದುಕೊಳ್ಳುತ್ತದೆ. ಅದೇ ದಣಿವು ಟ್ಯಾಕಲ್ ತಂತ್ರವನ್ನು ಕೆಡಿಸಿ ತಲೆಯನ್ನು ಅಪಾಯಕ್ಕೊಡ್ಡುತ್ತದೆ ಎಂಬುದು ಎದುರು ವಾದ. ಎರಡೂ ವಾದಗಳು ಒಂದೇ ಶಾರೀರಿಕ ಸತ್ಯವನ್ನು ಆಧರಿಸಿವೆ. ಲೀಗ್ ಆಡಳಿತಗಾರರು ಟ್ಯಾಕಲ್ ಲೆಕ್ಕ, ಹಿಂದೆ ಸರಿಯುವ ದೂರ, ಬದಲಿಗಳ ಸಂಖ್ಯೆ ಇವುಗಳನ್ನು ಬದಲಿಸುವಾಗ ಪ್ರೇಕ್ಷಕರ ರಂಜನೆಯ ಜೊತೆಗೆ ಆಟಗಾರನ ಚೇತರಿಕೆಯ ಸೆಕೆಂಡುಗಳನ್ನೂ ಕೂಡಿಸುತ್ತಾರೆ ಇಲ್ಲವೇ ಕಳೆಯುತ್ತಾರೆ.